ಹಾಸಿಗೆ ಇದ್ದಷ್ಟೇ ಕಾಲು ಚಾಚಿದ ಕೌಬಾಯ್‌ಗಳು

(ಸಿನಿಮಾ ಆಸಕ್ತರ ಒಂದು ಸಣ್ಣ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಅಂದು ನಡುನಡುವೆ ಚಿತ್ರಗಳ ತುಣುಕುಗಳನ್ನು ತೋರಿಸಿದ್ದೆ. ಇಲ್ಲಿ ಅದು ಆಗದ್ದರಿಂದ ಅಲ್ಲಲ್ಲಿ ಎರಡು ಮಾತು ಜಾಸ್ತಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಈಗ ನೋಡಿದ ತುಣುಕಿನಲ್ಲಿ ನಡೆದದ್ದು ಇಷ್ಟೇ. ಒತ್ತೆಯಾಳಾಗಿ ಸಿಕ್ಕಿಬಿದ್ದ ಒಬ್ಬ ಮನುಷ್ಯ ಗುಡಿಸಲಿನಿಂದ ಹೊರಗೆ ಬರುತ್ತಾನೆ. ಸೂರು ತಗ್ಗು. ಧಡ್ ಅಂತ ತಲೆ ಬಡಿಯುತ್ತದೆ. ಅವನನ್ನು ಹಿಡಿದಿಟ್ಟುಕೊಂಡ ದರೋಡೆಕೋರರ ಯಜಮಾನ ಅದನ್ನು ನೋಡಿ ಮನಸಾರೆ ನಗುತ್ತಾನೆ. ನೀವೂ ನಕ್ಕಿರಿ. ನಾನು ಹಿಂದೆ ನಿಂತು ನೋಡುತ್ತಿದ್ದೆ, ಮುಕ್ಕಾಲು ಜನ ನಕ್ಕಿರಿ.

ಈಗ ಅದಕ್ಕೂ ಹಿಂದಿನ ಕಥೆ ಕೇಳಿ. ಈ ಯಜಮಾನನ ಗುಂಪು ಒಬ್ಬ ಅಪ್ಪನನ್ನೂ ಅವನ ಪುಟ್ಟ ಮಗನನ್ನೂ ಕೊಂದು ಬಾವಿಗೆ ಹಾಕಿದೆ. ಆ ಹುಡುಗನಿಗೆ ಅಂತ ಪೇಟೆಯಿಂದ ಕ್ಯಾಂಡಿ ತಂದವನೇ ಈ ತಲೆ ಬಡಿಸಿಕೊಂಡವನು. ಇಷ್ಟು ಗೊತ್ತಾದ ಮೇಲೆ ಆ ನಗು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ, ಅಲ್ವಾ? ಆದರೂ ಆ ಕ್ಷಣ ನಕ್ಕಿದ್ದು ನಿಜ. ಕೊಲೆಗಾರ ನಮಗೆ ಒಂದು ಗಳಿಗೆ ಇಷ್ಟವಾಗಿಬಿಟ್ಟ.

ಚಿತ್ರ ‘ದಿ ಟಾಲ್ ಟಿ’, 1957ರದು. ತಲೆ ಬಡಿಸಿಕೊಂಡವರು ರ‍್ಯಾಂಡಾಲ್ಫ್ ಸ್ಕಾಟ್, ನಕ್ಕವರು ರಿಚರ್ಡ್ ಬೂನ್. ಒಟ್ಟು 78 ನಿಮಿಷ. ಒಂದಷ್ಟು ಬಂಡೆ, ಒಂದು ಗುಡಿಸಲು, ನಾಲ್ಕೈದು ಕುದುರೆ, ಐದಾರು ಜನ. ಇಷ್ಟರಲ್ಲಿ ಮುಗಿಸಿದ ಚಿತ್ರ. ದೊಡ್ಡ ದುಡ್ಡಿನ ಚಿತ್ರವಾಗಿದ್ದರೆ ಈ ತಲೆ ಬಡಿಯುವ ಚೂರು ಉಳಿಯುತ್ತಿತ್ತೋ ಇಲ್ಲವೋ ನನಗೆ ಅನುಮಾನ. ಕಥೆ ಮುಂದಕ್ಕೆ ಹೋಗಲು ಅದರಿಂದ ಏನೂ ಉಪಯೋಗ ಇಲ್ಲ ನೋಡಿ.

ಹಳೇ ಕಾಲದ ಅಗ್ಗದ ಕೌಬಾಯ್ ಚಿತ್ರಗಳನ್ನು ಜನ ಇನ್ನೂ ಯಾಕೆ ನೋಡುತ್ತಾರೆ ಅನ್ನುವುದು ಇವತ್ತಿನ ಪ್ರಶ್ನೆ. ಬಾಲ್ಯದ ನೆನಪು, ಕುದುರೆ, ಬಂದೂಕು ಅಂತ ಸುಲಭದ ಉತ್ತರ ಕೊಡಬಹುದು. ಆದರೆ ಆ ಬಾಲ್ಯ ನನ್ನದಲ್ಲ, ನಿಮ್ಮದೂ ಅಲ್ಲ. ಹಾಗಾಗಿ ನಾನು ದುಡ್ಡಿನಿಂದ ಶುರು ಮಾಡುತ್ತೇನೆ.

1930ರ ದಶಕದ ಅಮೆರಿಕ. ಆರ್ಥಿಕ ಕುಸಿತ. ಜನರ ಜೇಬೂ ಖಾಲಿ, ಥಿಯೇಟರ್‌ಗಳೂ ಖಾಲಿ. ಜನರನ್ನು ಕರೆತರಲು ಮಾಲೀಕರು ಒಂದು ಟಿಕೆಟ್ಟಿಗೆ ಎರಡು ಸಿನಿಮಾ ತೋರಿಸತೊಡಗಿದರು. ದೊಡ್ಡ ತಾರೆಯರ ಚಿತ್ರಕ್ಕೆ ಗಲ್ಲಾಪೆಟ್ಟಿಗೆಯಲ್ಲಿ ಪಾಲು. ಜೊತೆಗೆ ಬರುವ ಇನ್ನೊಂದಕ್ಕೆ, ಅಂದರೆ ಬಿ ಚಿತ್ರಕ್ಕೆ, ಇಷ್ಟೇ ಅಂತ ಮೊದಲೇ ಗೊತ್ತುಮಾಡಿದ ಬಾಡಿಗೆ. ಗಾಂಧಿನಗರದಲ್ಲಿ ಓಡಾಡಿದವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ಚಿತ್ರ ಎಷ್ಟೇ ಚೆನ್ನಾಗಿರಲಿ, ಬರುವ ದುಡ್ಡು ಹೆಚ್ಚುವುದಿಲ್ಲ. ಎಷ್ಟೇ ಕೆಟ್ಟದಾಗಿರಲಿ, ಇಳಿಯುವುದೂ ಇಲ್ಲ. ಲಾಭ ಬೇಕಾದರೆ ಇರುವುದೊಂದೇ ದಾರಿ, ಖರ್ಚಿನಲ್ಲಿ ಉಳಿಸಬೇಕು.

ಈ ಲೆಕ್ಕದಿಂದ ಎರಡು ವಿಚಿತ್ರ ಆದವು. ಒಂದು, ರಾಶಿ ರಾಶಿ ಕಸ ಬಂತು. ಇದನ್ನು ನಾನು ಮುಚ್ಚಿಡುವುದಿಲ್ಲ. ಇವುಗಳಲ್ಲಿ ಹೆಚ್ಚಿನವು ಕೆಟ್ಟ ಚಿತ್ರಗಳೇ. ಇನ್ನೊಂದು, ಚಿತ್ರದೊಳಗೆ ಏನಿದೆ ಅಂತ ಮೇಲಿನವರು ಅಷ್ಟಾಗಿ ತಲೆ ಕೆಡಿಸಿಕೊಳ್ಳಲಿಲ್ಲ. ಹೇಳಿದ ದಿನದಲ್ಲಿ, ಹೇಳಿದ ದುಡ್ಡಲ್ಲಿ ರೀಲು ಬಂದರೆ ಸಾಕು. ಕೆಲಸ ಬಲ್ಲವರಿಗೆ ಇಂಥ ಕಡೆ ಸಿಗುವ ಸ್ವಾತಂತ್ರ್ಯವೇ ಬೇರೆ.

ಹಾಲಿವುಡ್‌ನಲ್ಲಿ ಸನ್‌ಸೆಟ್ ಮತ್ತು ಗೋವರ್ ರಸ್ತೆಗಳು ಕೂಡುವ ಮೂಲೆಯಲ್ಲಿ ನಿಜವಾದ ಕೌಬಾಯ್‌ಗಳು ಕೆಲಸಕ್ಕಾಗಿ ಕಾಯುತ್ತಾ ನಿಂತಿರುತ್ತಿದ್ದರು. ನಮ್ಮಲ್ಲಿ ಬೆಳಿಗ್ಗೆ ಸರ್ಕಲ್‌ಗಳಲ್ಲಿ ಕೂಲಿ ಕೆಲಸಕ್ಕೆ ನಿಲ್ಲುತ್ತಾರಲ್ಲ, ಹಾಗೆ. ದನ ಸಾಕುವ ರ‍್ಯಾಂಚ್‌ಗಳಲ್ಲಿ ಕೆಲಸ ಹೋಗಿತ್ತು. ಟೋಪಿ, ಬೂಟು ಅವರದೇ. ಕುದುರೆ ಮೇಲೆ ಕೂರುವುದನ್ನು ಯಾರೂ ಕಲಿಸಬೇಕಿರಲಿಲ್ಲ. ಆ ಮೂಲೆಗೆ ‘ಗೋವರ್ ಗಲ್ಚ್’ ಅಂತ ಅಡ್ಡಹೆಸರು ಬಿತ್ತು. ಸುತ್ತಮುತ್ತ ಸಣ್ಣ ಕಂಪನಿಗಳು. ಆ ಸಾಲಿಗೆ ‘ಪಾವರ್ಟಿ ರೋ’ ಅಂತ ಹೆಸರು, ನಮ್ಮ ಮಾತಲ್ಲಿ ಬಡವರ ಬೀದಿ.

1935ರಲ್ಲಿ ಹರ್ಬರ್ಟ್ ಯೇಟ್ಸ್ ಎಂಬವರು ಇಂಥ ಕೆಲವು ಕಂಪನಿಗಳನ್ನು ಸೇರಿಸಿ ರಿಪಬ್ಲಿಕ್ ಪಿಕ್ಚರ್ಸ್ ಕಟ್ಟಿದರು. ಯೇಟ್ಸ್ ಮೂಲತಃ ಫಿಲ್ಮ್ ತೊಳೆಯುವ ಲ್ಯಾಬಿನ ಮಾಲೀಕರು. ಸಣ್ಣ ಕಂಪನಿಗಳು ಲ್ಯಾಬಿಗೆ ಬಾಕಿ ಉಳಿಸಿಕೊಂಡಿದ್ದವು. ಸಾಲ ತೀರಿಸಲಾಗದವರನ್ನು ಒಂದೇ ಸೂರಿನಡಿ ತಂದರು. ರಿಪಬ್ಲಿಕ್‌ನಲ್ಲಿ ಚಿತ್ರಗಳಿಗೆ ದರ್ಜೆಗಳಿದ್ದವು. ತೀರಾ ಕೆಳಗಿನ ದರ್ಜೆಗೆ ‘ಜ್ಯೂಬಿಲಿ’ ಅಂತ ಭರ್ಜರಿ ಹೆಸರು. ಏಳು ದಿನದ ಶೂಟಿಂಗ್, ಸುಮಾರು 50 ಸಾವಿರ ಡಾಲರ್.

ಏಳು ದಿನದಲ್ಲಿ ಸಿನಿಮಾ ಮಾಡುವುದು ಹೇಗೆ? ಕೌಬಾಯ್ ಕಥೆಯಾದರೆ ಮಾಡಬಹುದು. ಬಿಸಿಲು ಪುಕ್ಕಟೆ. ಬೆಟ್ಟ ಪುಕ್ಕಟೆ. ಒಂದು ಸಲ ಕಟ್ಟಿದ ಬೀದಿ ಹತ್ತು ಚಿತ್ರಕ್ಕೆ ಆಗುತ್ತದೆ, ಬೋರ್ಡು ಬದಲಿಸಿದರೆ ಸಾಕು. ರಾತ್ರಿ ದೃಶ್ಯ ಬೇಕಾದರೆ ಮಧ್ಯಾಹ್ನವೇ ಶೂಟ್ ಮಾಡಿ, ಫಿಲ್ಟರ್ ಹಾಕಿ ಕತ್ತಲೆ ಮಾಡುತ್ತಿದ್ದರು. ಗಮನವಿಟ್ಟು ನೋಡಿ, ‘ರಾತ್ರಿ’ಯಲ್ಲಿ ಓಡುವ ಕುದುರೆಗೆ ನೆಲದ ಮೇಲೆ ಚೂಪು ನೆರಳಿರುತ್ತದೆ. ಫ್ರೆಂಚರು ಈ ತಂತ್ರಕ್ಕೆ ‘ಅಮೆರಿಕದ ರಾತ್ರಿ’ ಅಂತಲೇ ಕರೆಯುತ್ತಾರೆ.

ಇನ್ನೂ ಮೋಜಿನದು ಹಳೇ ರೀಲಿನ ವ್ಯಾಪಾರ. 1932-33ರಲ್ಲಿ ವಾರ್ನರ್ ಬ್ರದರ್ಸ್‌ಗಾಗಿ, ಮುಂದೆ ದೊಡ್ಡ ತಾರೆಯಾದ ಜಾನ್ ವೇಯ್ನ್ ಆರು ಕೌಬಾಯ್ ಚಿತ್ರ ಮಾಡಿದರು. ಆ ಕಂಪನಿ ಹತ್ತಿರ ಕೆನ್ ಮೇನಾರ್ಡ್ ಎಂಬ ನಟನ ಮೂಕಿ ಚಿತ್ರಗಳ ರೀಲು ಇತ್ತು. ಮೇನಾರ್ಡ್ ಭಾರಿ ಸವಾರ. ಆತನ ಕುದುರೆ ಬಿಳಿ. ಹಾಗಾಗಿ ವೇಯ್ನ್‌ಗೂ ಒಂದು ಬಿಳಿ ಕುದುರೆ ಕೊಟ್ಟು, ಮೇನಾರ್ಡ್ ಥರದ್ದೇ ಬಟ್ಟೆ ತೊಡಿಸಿದರು. ದೂರದಿಂದ ಓಡುವ, ಜಿಗಿಯುವ, ದನದ ಹಿಂಡು ನುಗ್ಗುವ ದೃಶ್ಯಗಳೆಲ್ಲ ಮೇನಾರ್ಡ್ ಅವರವು. ಹತ್ತಿರ ಬಂದಾಗ ಮುಖ ವೇಯ್ನ್ ಅವರದು. ಸಾಮಾನ್ಯವಾಗಿ ನಾಯಕನಿಗೆ ಡ್ಯೂಪ್ ಹುಡುಕುತ್ತಾರೆ. ಇಲ್ಲಿ ಹಳೇ ರೀಲಿಗೆ ತಕ್ಕ ನಾಯಕನನ್ನು ಹುಡುಕಿದ್ದರು.

ವೇಯ್ನ್ ಕಥೆಯನ್ನು ಸ್ವಲ್ಪ ಬಿಡಿಸಿ ಹೇಳಬೇಕು. 1930ರಲ್ಲಿ ‘ದಿ ಬಿಗ್ ಟ್ರೇಲ್’ ಎಂಬ ದೊಡ್ಡ ಚಿತ್ರದಲ್ಲಿ ನಾಯಕನಾದರು. ಅದು ತೋಪೆದ್ದು ಹೋಯಿತು. ಅಲ್ಲಿಂದ 1939ರ ‘ಸ್ಟೇಜ್‌ಕೋಚ್’ ತನಕ, ಹತ್ತಿರ ಹತ್ತಿರ ಒಂಬತ್ತು ವರ್ಷ, ಹೆಚ್ಚಾಗಿ ಅಗ್ಗದ ಚಿತ್ರಗಳಲ್ಲೇ ದುಡಿದರು. ಮೊನೊಗ್ರಾಮ್ ಕಂಪನಿಗೆ 1933ರಿಂದ 35ರೊಳಗೆ ಲೋನ್ ಸ್ಟಾರ್ ಹೆಸರಿನಲ್ಲಿ 16 ಚಿತ್ರ. ಮೊದಲನೆಯದು ‘ರೈಡರ್ಸ್ ಆಫ್ ಡೆಸ್ಟಿನಿ’. ಅದರಲ್ಲಿ ಅವರು ಹಾಡುವ ಕೌಬಾಯ್! ಗುಂಡಿನ ಕಾಳಗಕ್ಕೆ ಬೀದಿಯಲ್ಲಿ ನಡೆದು ಬರುತ್ತಾ, ರಕ್ತದ ಮಾತಿರುವ ಹಾಡನ್ನು ಹಾಡುತ್ತಾರೆ. ದನಿ ಬೇರೆಯವರದು. ಮುಖ ನೋಡಿದರೆ ಪಾಪ ಅನಿಸುತ್ತದೆ. ಸ್ಕೂಲ್ ಡೇ ದಿನ ವೇಷ ಹಾಕಿಸಿ ಸ್ಟೇಜಿಗೆ ತಳ್ಳಿದ ಹುಡುಗನ ಹಾಗೆ.

ಆ ಚಿತ್ರಗಳನ್ನು ನಾನು ನೋಡಿದ್ದು ಲಾಕ್‌ಡೌನ್ ದಿನಗಳಲ್ಲಿ. ಊಟ ಆದ ಮೇಲೆ ದಿನಕ್ಕೊಂದು. ಪುಕ್ಕಟೆ ಸಿಗುತ್ತಿದ್ದವು, ಅದಕ್ಕೇ. ಪುಕ್ಕಟೆ ಸಿಗಲು ಒಂದು ಕಾರಣ ಇದೆ. ಅಮೆರಿಕದ ಹಳೇ ಕಾನೂನಿನ ಪ್ರಕಾರ 28ನೇ ವರ್ಷಕ್ಕೆ ಹಕ್ಕುಸ್ವಾಮ್ಯ ನವೀಕರಿಸಬೇಕಿತ್ತು. ಎಷ್ಟೋ ಸಣ್ಣ ಕಂಪನಿಗಳು ಅಷ್ಟರಲ್ಲಿ ಬಾಗಿಲು ಹಾಕಿದ್ದವು. ನವೀಕರಿಸುವವರು ಯಾರು? ಹಾಗಾಗಿ ಆ ಚಿತ್ರಗಳು ಊರ ಕೆರೆ ನೀರಿನಂತೆ ಎಲ್ಲರ ಪಾಲಾದವು. ಮೊದಲು ಟಿವಿಯವರು, ಆಮೇಲೆ ಕ್ಯಾಸೆಟ್‌ನವರು, ಈಗ ಇಂಟರ್ನೆಟ್‌ನವರು. ಬಾಳಿಕೆಯ ಗುಟ್ಟಿನಲ್ಲಿ ಇದಕ್ಕೂ ಒಂದು ಪಾಲಿದೆ. ಒಂದು ಎಚ್ಚರಿಕೆ ಮಾತ್ರ. ಕೆಲವು ಪ್ರಿಂಟುಗಳಿಗೆ 80ರ ದಶಕದಲ್ಲಿ ಯಾರೋ ಸಿಂಥಸೈಜರ್ ಸಂಗೀತ ತುಂಬಿದ್ದಾರೆ. ಅದು ಬಂದರೆ ತಕ್ಷಣ ನಿಲ್ಲಿಸಿ, ಬೇರೆ ಪ್ರಿಂಟ್ ಹುಡುಕಿ. ಮೂಲದಲ್ಲಿ ಹಿನ್ನೆಲೆ ಸಂಗೀತ ಇಲ್ಲವೇ ಇಲ್ಲ ಅನ್ನಬಹುದು. ಗೊರಸಿನ ಸದ್ದು, ಜೀನಿನ ಕಿರಕಿರ, ಗಾಳಿ. ಸಂಗೀತಕ್ಕೆ ದುಡ್ಡಿರಲಿಲ್ಲ ಅಷ್ಟೇ. ಆದರೆ ಇವತ್ತು ಪ್ರತಿ ಎರಡು ನಿಮಿಷಕ್ಕೂ ಡ್ರಮ್ ಬಡಿಯುವ ಚಿತ್ರ ನೋಡಿ ಸುಸ್ತಾದ ಕಿವಿಗೆ ಅದು ತಂಪೆರೆಯುತ್ತದೆ.

ನಮ್ಮಮ್ಮನೂ ಪಕ್ಕದಲ್ಲಿ ಕೂತು ನೋಡುತ್ತಿದ್ದರು. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬಾರದು. ಬೇಕಾಗಿಯೂ ಇರಲಿಲ್ಲ. ಬ್ಯಾಂಕಿನವನೋ ವಕೀಲನೋ ಶುಭ್ರವಾದ ಕೋಟು ಹಾಕಿಕೊಂಡು ಬಂದ ತಕ್ಷಣ, “ಇವನೇ ಕಣೋ ಕಳ್ಳ, ಮೀಸೆ ನೋಡು” ಅನ್ನುತ್ತಿದ್ದರು. ಒಂದು ಸಲವೂ ತಪ್ಪಲಿಲ್ಲ. ಕಳ್ಳ ಯಾರು ಅಂತ ಗೊತ್ತಿದ್ದೂ ಕೊನೆತನಕ ಕೂರುತ್ತಿದ್ದರು. ಯಕ್ಷಗಾನದಲ್ಲಿ ಕೀಚಕ ಸಾಯುತ್ತಾನೆ ಅಂತ ಗೊತ್ತಿಲ್ಲದವರು ಯಾರಿದ್ದಾರೆ? ಆದರೂ ಬೆಳಗಿನ ಜಾವದ ತನಕ ಕೂರುತ್ತೇವೆ. ಇವತ್ತಿನ ವೇಷಧಾರಿ ಹೇಗೆ ಕುಣಿಯುತ್ತಾನೆ ಅಂತ ನೋಡಬೇಕು.

ಇಲ್ಲಿ ಕುಣಿದವರು ಯಾರು ಅಂದರೆ ಯಾಕಿಮಾ ಕನಟ್. ಮಣಿಯದ ಕುದುರೆ ಏರಿ ಕೂರುವ ರೋಡಿಯೋ ಪಂದ್ಯಗಳಲ್ಲಿ ಚಾಂಪಿಯನ್ ಆಗಿದ್ದವರು. ಲೋನ್ ಸ್ಟಾರ್ ಚಿತ್ರಗಳಲ್ಲಿ ಖಳನೂ ಅವರೇ, ಎಷ್ಟೋ ಸಲ ನಾಯಕನ ಡ್ಯೂಪೂ ಅವರೇ. ಅಂದರೆ ಅವರನ್ನು ಅವರೇ ಅಟ್ಟಿಸಿಕೊಂಡು ಹೋಗುವ ಪ್ರಸಂಗ. ಅದಕ್ಕೂ ಹಿಂದೆ ಫೈಟುಗಳಲ್ಲಿ ಸುಮ್ನೆ ಭುಜಕ್ಕೆ ಗುದ್ದುತ್ತಿದ್ದರು, ತೆರೆಯ ಮೇಲೆ ಸಪ್ಪೆ ಕಾಣುತ್ತಿತ್ತು. ವೇಯ್ನ್ ಮತ್ತು ಕನಟ್ ಸೇರಿ ಒಂದು ಉಪಾಯ ರೂಢಿಸಿದರು. ಮುಷ್ಟಿ ಮುಖದ ಪಕ್ಕದಿಂದ ಹಾದು ಹೋಗಬೇಕು. ಕ್ಯಾಮರಾ ಸರಿಯಾದ ಕೋನದಲ್ಲಿ ಇರಬೇಕು. ತಿಂದವನು ಸರಿಯಾದ ಕ್ಷಣಕ್ಕೆ ತಲೆ ಹಿಂದೆ ಹಾಕಬೇಕು. ಇವತ್ತಿಗೂ ನಮ್ಮ ಹೀರೋ ಇಪ್ಪತ್ತು ಜನರನ್ನು ಹೊಡೆದು ಬೀಳಿಸುವುದು ಇದೇ ಲೆಕ್ಕದ ಮೇಲೆ. ಐದಾರು ದಿನದಲ್ಲಿ ಚಿತ್ರ ಮುಗಿಸಬೇಕು, ನಿಜವಾಗಿ ಏಟು ಬಿದ್ದರೆ ಮರುದಿನ ಶೂಟಿಂಗ್ ಇಲ್ಲ. ಆ ಭಯದಲ್ಲಿ ಬೆಳೆದ ವಿದ್ಯೆ ಇದು.

‘ಸ್ಟೇಜ್‌ಕೋಚ್’ನಲ್ಲಿ ಕನಟ್ ಮಾಡಿದ್ದು ಇನ್ನೂ ಜನರ ಬಾಯಲ್ಲಿದೆ. ಓಡುವ ಗಾಡಿಯ ಮುಂದಿನ ಕುದುರೆಗಳ ಮೇಲೆ ಹಾರುತ್ತಾರೆ, ಗುಂಡು ತಿಂದು ಕುದುರೆಗಳ ನಡುವೆ ಬೀಳುತ್ತಾರೆ. ಕುದುರೆಗಳೂ ಗಾಡಿಯೂ ಅವರ ಮೇಲಿಂದ ಹಾದು ಹೋಗುತ್ತವೆ. ಆ ಚಿತ್ರ ದೊಡ್ಡದು, ಆದರೆ ವಿದ್ಯೆ ಕಲಿತದ್ದು ಅಗ್ಗದ ಚಿತ್ರಗಳಲ್ಲಿ. 1981ರ ‘ರೈಡರ್ಸ್ ಆಫ್ ದಿ ಲಾಸ್ಟ್ ಆರ್ಕ್’ನಲ್ಲಿ ಲಾರಿಯ ಕೆಳಗೆ ಎಳೆದುಕೊಂಡು ಹೋಗುವ ದೃಶ್ಯ ನೆನಪಿದೆಯಲ್ಲ? ಅದು ಕನಟ್‌ಗೆ ಹೊಡೆದ ಸಲಾಮು. 1967ರಲ್ಲಿ ಅವರಿಗೆ ಗೌರವ ಆಸ್ಕರ್ ಬಂತು.

ಇದೇ ವಿದ್ಯೆಗೆ ಒಂದು ಕೊಳಕು ಮುಖವೂ ಇತ್ತು. ಕುದುರೆ ಓಡುತ್ತಾ ಮುಗ್ಗರಿಸಿ ಬೀಳಬೇಕಾದರೆ ಕಾಲಿಗೆ ತಂತಿ ಕಟ್ಟುತ್ತಿದ್ದರು. ಒಂದು ದೂರ ಓಡಿದ ಮೇಲೆ ತಂತಿ ಬಿಗಿಯುತ್ತದೆ, ಕುದುರೆ ತಲೆಕೆಳಗಾಗಿ ಬೀಳುತ್ತದೆ. ಅದಕ್ಕೆ ಏನೂ ಗೊತ್ತಿರುವುದಿಲ್ಲ. ಎಷ್ಟೋ ಕುದುರೆಗಳ ಕಾಲು ಮುರಿಯಿತು, ಎಷ್ಟೋ ಸತ್ತವು. ಕನಟ್ ಕೂಡ ಈ ತಂತಿ ಬಳಸಿದವರೇ. 1939ರ ಒಂದು ದೊಡ್ಡ ಚಿತ್ರದಲ್ಲಿ ಕುದುರೆಯನ್ನು ಬಂಡೆಯ ಮೇಲಿಂದ ನೀರಿಗೆ ಬೀಳಿಸಿ ಕೊಂದ ಮೇಲೆ ಗಲಾಟೆ ಎದ್ದಿತು. ಆಮೇಲೆ ಪ್ರಾಣಿ ದಯಾ ಸಂಘದವರು ಸೆಟ್ಟಿಗೆ ಬಂದು ನೋಡತೊಡಗಿದರು. ಹಳೇ ಚಿತ್ರಗಳಲ್ಲಿ ಕುದುರೆ ಬಿದ್ದಾಗ ನನಗೆ ಈಗ ಕಥೆ ಕಾಣುವುದಿಲ್ಲ, ತಂತಿಯೇ ಕಾಣುತ್ತದೆ.

ಹಾಡುವ ಕೌಬಾಯ್‌ಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ನನಗೆ ಅವರು ಅಷ್ಟಾಗಿ ಒಗ್ಗಲಿಲ್ಲ. ವೇಯ್ನ್‌ಗೆ ಆಗದ್ದು ಜೀನ್ ಆಟ್ರಿಗೆ ಆಯಿತು, ಯಾಕೆಂದರೆ ಅವರು ನಿಜವಾಗಿ ಹಾಡುಗಾರರು. 1935ರಿಂದ ರಿಪಬ್ಲಿಕ್‌ನ ಹುಂಡಿ ತುಂಬಿಸಿದರು. 1938ರಲ್ಲಿ ಸಂಬಳದ ಜಗಳ ಮಾಡಿಕೊಂಡು ಹೊರ ನಡೆದಾಗ ಕಂಪನಿ ಲಿಯೊನಾರ್ಡ್ ಸ್ಲೈ ಎಂಬ ಹುಡುಗನಿಗೆ ರಾಯ್ ರಾಜರ್ಸ್ ಅಂತ ಹೆಸರಿಟ್ಟು ನಿಲ್ಲಿಸಿತು. ಇಬ್ಬರೂ ಕೋಟ್ಯಧಿಪತಿಗಳಾದರು. ಇವರ ಚಿತ್ರಗಳಲ್ಲಿ ಕುದುರೆ, ಟೆಲಿಫೋನು, ಕಾರು, ರೇಡಿಯೊ ಎಲ್ಲ ಒಟ್ಟಿಗೆ ಇರುತ್ತವೆ. ಯಾವ ಶತಮಾನ ಅಂತ ಕೇಳಬಾರದು.

ಅದಕ್ಕಿಂತ ಹೆಚ್ಚು ನೆನಪಿಡಬೇಕಾದವರು ಹರ್ಬ್ ಜೆಫ್ರಿಸ್. ನಿಜವಾದ ಕೌಬಾಯ್‌ಗಳಲ್ಲಿ ಕಪ್ಪು ಜನ, ಮೆಕ್ಸಿಕನ್ನರು ಬೇಕಾದಷ್ಟಿದ್ದರು. ತೆರೆಯ ಮೇಲೆ ಮಾತ್ರ ಎಲ್ಲರೂ ಬಿಳಿಯರು. ಆಗ ಅಮೆರಿಕದಲ್ಲಿ ಕಪ್ಪು ಜನರಿಗೆ ಥಿಯೇಟರ್‌ಗಳೂ ಬೇರೆ. ಆ ಥಿಯೇಟರ್‌ಗಳಿಗಾಗಿ 1937ರಲ್ಲಿ ‘ಹಾರ್ಲೆಮ್ ಆನ್ ದಿ ಪ್ರೇರಿ’ ಬಂತು, 1939ರಲ್ಲಿ ‘ದಿ ಬ್ರಾಂಜ್ ಬಕರೂ’ ಬಂತು. ಇಡೀ ತಾರಾಗಣ ಕಪ್ಪು ಕಲಾವಿದರದು, ನಾಯಕ ಜೆಫ್ರಿಸ್. ಆಮೇಲೆ ಡ್ಯೂಕ್ ಎಲಿಂಗ್ಟನ್ ಅವರ ಜಾಝ್ ತಂಡದಲ್ಲಿ ಹಾಡಿ ಹೆಸರಾದವರು ಇವರೇ. ಚಿತ್ರಗಳು ಸಾಧಾರಣ, ನಿಜ. ಆದರೆ ದೊಡ್ಡ ಸ್ಟುಡಿಯೋ ಯಾವುದೂ ಇಂಥದ್ದಕ್ಕೆ ಕೈ ಹಾಕಲಿಲ್ಲ.

ಸರಿ, ಬಂಡೆಯ ವಿಷಯಕ್ಕೆ ಬರೋಣ. ಮೂರನೇ ವಾರವೋ ನಾಲ್ಕನೇ ವಾರವೋ, ಒಂದು ರಾತ್ರಿ ನಮ್ಮಮ್ಮ ಹೇಳಿದರು: “ಈ ಬಂಡೆ ಮೊನ್ನೆಯೂ ಬಂದಿತ್ತು.” ನಾನು ನಕ್ಕೆ. ಅವರು ಬಿಡಲಿಲ್ಲ. “ಮೊನ್ನೆ ಅದರ ಹಿಂದೆ ಕಳ್ಳ ಕೂತಿದ್ದ. ಇವತ್ತು ಹೀರೋ ಕೂತಿದ್ದಾನೆ.” ಹಿಂದಿನ ಚಿತ್ರ ಹಾಕಿ ನೋಡಿದೆ. ಅದೇ ಬಂಡೆ!

ಆ ಬಂಡೆ ಇರುವ ಊರಿನ ಹೆಸರು ಲೋನ್ ಪೈನ್. ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಮುನ್ನೂರು ಕಿಲೋಮೀಟರಿಗೂ ಜಾಸ್ತಿ. ಊರ ಪಕ್ಕದಲ್ಲೇ ಅಲಬಾಮಾ ಹಿಲ್ಸ್, ಉರುಟು ಉರುಟು ಬಂಡೆಗಳ ರಾಶಿ. ಅದರ ಬೆನ್ನಿಗೆ ಸಿಯೆರಾ ನೆವಾಡಾ ಪರ್ವತ. 4,421 ಮೀಟರ್ ಎತ್ತರದ ಮೌಂಟ್ ವಿಟ್ನಿ ಅಲ್ಲೇ ನಿಂತಿದೆ. ಕ್ಯಾಮರಾ ಒಂದು ಕಡೆ ತಿರುಗಿಸಿದರೆ ಮರುಭೂಮಿ, ಇನ್ನೊಂದು ಕಡೆ ತಿರುಗಿಸಿದರೆ ಹಿಮ. 1920ರಿಂದ ಇಲ್ಲಿ ನೂರಾರು ಚಿತ್ರಗಳ ಶೂಟಿಂಗ್ ಆಗಿದೆ. ಬಂಡೆಗಳ ನಡುವಿನ ಮಣ್ಣುರಸ್ತೆಗೆ ‘ಮೂವಿ ರೋಡ್’ ಅಂತಲೇ ಹೆಸರು. ಊರಲ್ಲಿ ಕೌಬಾಯ್ ಚಿತ್ರಗಳ ಮ್ಯೂಸಿಯಂ ಇದೆ. 1990ರಿಂದ ಶರತ್ಕಾಲದಲ್ಲಿ ಚಿತ್ರೋತ್ಸವ ನಡೆಸುತ್ತಾರೆ. ಅಭಿಮಾನಿಗಳು ಹಳೇ ಸ್ಟಿಲ್ ಫೋಟೋ ಹಿಡಿದುಕೊಂಡು, ಯಾವ ದೃಶ್ಯದಲ್ಲಿ ಕ್ಯಾಮರಾ ಎಲ್ಲಿತ್ತು ಅಂತ ಬಂಡೆ ಬಂಡೆ ಹುಡುಕುತ್ತಾರೆ. ನಮ್ಮಮ್ಮನಿಗೆ ಅಲ್ಲಿ ಒಳ್ಳೇ ಕೆಲಸ ಸಿಗುತ್ತಿತ್ತು.

ಇದೇ ಬಂಡೆಗಳು ಒಮ್ಮೆ ಭಾರತವೂ ಆಗಿದ್ದವು. 1939ರ ‘ಗಂಗಾ ದಿನ್’ ಚಿತ್ರದಲ್ಲಿ ಬ್ರಿಟಿಷರ ಕಾಲದ ವಾಯವ್ಯ ಗಡಿ ಅಂತ ತೋರಿಸಿದ್ದು ಅಲಬಾಮಾ ಹಿಲ್ಸ್ ಅನ್ನೇ. ಆ ಸಾಲ ನಾವು ಬಡ್ಡಿ ಸಮೇತ ತೀರಿಸಿದ್ದೇವೆ ಬಿಡಿ. ‘ಶೋಲೆ’ಯಲ್ಲಿ ನಮ್ಮ ರಾಮನಗರ ಡಕಾಯಿತರ ನಾಡಾಯಿತಲ್ಲ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಅಂತ ಹೆಸರಿತ್ತು. ಅಲ್ಲಿನ ಕಲ್ಲನ್ನು ಭೂವಿಜ್ಞಾನಿಗಳು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಅಂತಲೇ ಕರೆಯುತ್ತಾರೆ. ಸುಮಾರು 250 ಕೋಟಿ ವರ್ಷ ಹಳೆಯದು. ಲೋನ್ ಪೈನ್ ಬಂಡೆಯೂ ಗ್ರಾನೈಟ್ ಜಾತಿಯದೇ, ಆದರೆ ನಮ್ಮದರ ಮುಂದೆ ಹಾಲುಗಲ್ಲದ ಕೂಸು. ‘ಶೋಲೆ’ ಶೂಟಿಂಗ್ ರಾಮನಗರದಲ್ಲಿ ಶುರುವಾದದ್ದು 1973ರಲ್ಲಿ. ಅದೇ ವರ್ಷ ಕನ್ನಡದಲ್ಲಿ ದ್ವಾರಕೀಶ್ ‘ಕೌಬಾಯ್ ಕುಳ್ಳ’ ಆದರು. ಟೋಪಿ ಎಲ್ಲರ ತಲೆಗೂ ಆಗುತ್ತದೆ ಅಂತ ಆಗಲೇ ನಮಗೆ ಗೊತ್ತಿತ್ತು.

ಲೋನ್ ಪೈನ್ ಬಂಡೆಗಳಿಂದ ಹೆಚ್ಚು ಕೆಲಸ ತೆಗೆದವರು ‘ದಿ ಟಾಲ್ ಟಿ’ಯ ನಿರ್ದೇಶಕ ಬಡ್ ಬೆಟಿಕರ್. ನಾನು ಇವತ್ತು ನಿಜವಾಗಿ ಮಾತಾಡಬೇಕು ಅಂತ ಬಂದದ್ದು ಇವರ ಬಗ್ಗೆ.

ಬೆಟಿಕರ್ 1916ರಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮೆಕ್ಸಿಕೋಗೆ ಹೋಗಿ ಗೂಳಿಕಾಳಗ ಕಲಿತರು. ಸಿನಿಮಾಕ್ಕೆ ಬಂದದ್ದೂ ಗೂಳಿಯ ಬೆನ್ನು ಹತ್ತಿ. 1941ರ ಒಂದು ಚಿತ್ರಕ್ಕೆ ಗೂಳಿಕಾಳಗ ಹೇಳಿಕೊಡುವವರು ಬೇಕಿತ್ತು. 1956ರಲ್ಲಿ ಬರ್ಟ್ ಕೆನಡಿ ಬರೆದ ‘ಸೆವೆನ್ ಮೆನ್ ಫ್ರಮ್ ನೌ’ ಇವರ ಕೈಗೆ ಬಂತು. ನಿರ್ಮಾಣ ಜಾನ್ ವೇಯ್ನ್ ಅವರ ಕಂಪನಿಯದು. ವೇಯ್ನ್ ‘ದಿ ಸರ್ಚರ್ಸ್’ನಲ್ಲಿ ಸಿಕ್ಕಿಕೊಂಡಿದ್ದರು, ಪಾತ್ರ ರ‍್ಯಾಂಡಾಲ್ಫ್ ಸ್ಕಾಟ್ ಪಾಲಾಯಿತು. ಸ್ಕಾಟ್‌ಗೆ ಆಗ ಅರವತ್ತರ ಹತ್ತಿರ. ಮುಖ ಒಣಗಿದ ಕಟ್ಟಿಗೆ. ಅಲ್ಲಿಂದ 1960ರ ತನಕ ಇಬ್ಬರೂ ಸೇರಿ ಏಳು ಚಿತ್ರ ಮಾಡಿದರು. ಹೆಚ್ಚಿನವಕ್ಕೆ ಹ್ಯಾರಿ ಜೋ ಬ್ರೌನ್ ನಿರ್ಮಾಪಕರು. ರ‍್ಯಾಂಡಾಲ್ಫ್‌ನ ತಲೆ, ಬ್ರೌನ್‌ನ ಬಾಲ ಸೇರಿಸಿ ಕಂಪನಿಗೆ ‘ರ‍್ಯಾನೌನ್’ ಅಂತ ಹೆಸರಿಟ್ಟರು.

ಏಳೂ ಒಂದೇ ತೂಕದವಲ್ಲ. ‘ವೆಸ್ಟ್‌ಬೌಂಡ್’ ನೋಡದಿದ್ದರೂ ನಷ್ಟವಿಲ್ಲ. ಆದರೆ ಕೆನಡಿ ಬರೆದು ಲೋನ್ ಪೈನ್‌ನಲ್ಲಿ ತೆಗೆದ ನಾಲ್ಕು ಇವೆಯಲ್ಲ, ‘ಸೆವೆನ್ ಮೆನ್ ಫ್ರಮ್ ನೌ’, ‘ದಿ ಟಾಲ್ ಟಿ’, ‘ರೈಡ್ ಲೋನ್ಸಮ್’, ‘ಕಮಾಂಚಿ ಸ್ಟೇಷನ್’, ಅವು ಬೇರೆಯೇ ಮಾತು. ಎಲ್ಲವೂ 80 ನಿಮಿಷದ ಒಳಗೆ. ಕಥೆಯೂ ಹೆಚ್ಚುಕಮ್ಮಿ ಒಂದೇ. ಹೆಂಡತಿಯನ್ನು ಕಳೆದುಕೊಂಡ ಒಂಟಿ ಮನುಷ್ಯ. ಜೊತೆಗೆ ಪಯಣಿಸಲೇಬೇಕಾದ ಒಬ್ಬ ಸಭ್ಯ ಖಳ. ಇಬ್ಬರಿಗೂ ಒಬ್ಬರನ್ನು ಕಂಡರೆ ಇನ್ನೊಬ್ಬರಿಗೆ ಒಂಥರಾ ಮೆಚ್ಚುಗೆ. ಇಬ್ಬರಲ್ಲಿ ಒಬ್ಬ ಸಾಯಬೇಕು ಅಂತಲೂ ಗೊತ್ತು.

ಯಾಕೆ ಹೀಗೆ? ಪೇಟೆ ಕಟ್ಟಲು ದುಡ್ಡಿಲ್ಲ, ಹಾಗಾಗಿ ಕಥೆ ಪೇಟೆಗೆ ಹೋಗುವುದಿಲ್ಲ. ಜನಜಂಗುಳಿಗೆ ದುಡ್ಡಿಲ್ಲ, ಹಾಗಾಗಿ ಐದೇ ಜನ. ಆ ಐವರೂ ಬಂಡೆಗಳ ನಡುವೆ ಒಬ್ಬರನ್ನೊಬ್ಬರು ಬಿಟ್ಟು ಹೋಗುವಂತಿಲ್ಲ. ಮಾಡಲು ಇನ್ನೇನಿದೆ? ಕಾಫಿ ಕಾಯಿಸಬೇಕು, ಮಾತಾಡಬೇಕು.

‘ಸೆವೆನ್ ಮೆನ್’ನಲ್ಲಿ ಒಂದು ರಾತ್ರಿ. ಹೊರಗೆ ಮಳೆ. ಗುಡಾರ ಹೊದಿಸಿದ ಗಾಡಿಯೊಳಗೆ ನಾಲ್ಕು ಜನ. ಗಂಡ, ಹೆಂಡತಿ, ಸ್ಕಾಟ್, ಮತ್ತೆ ಖಳ ಲೀ ಮಾರ್ವಿನ್. ಮಾರ್ವಿನ್ ಕಾಫಿ ಕುಡಿಯುತ್ತಾ ಒಂದು ಹಳೇ ಕಥೆ ತೆಗೆಯುತ್ತಾನೆ. ಒಬ್ಬ ಗಂಡ ಇದ್ದನಂತೆ, ಒಬ್ಬ ಚೆಂದದ ಹೆಂಡತಿ ಇದ್ದಳಂತೆ, ಗಟ್ಟಿಗ ಬಂದು ಅವಳನ್ನು ಕರೆದುಕೊಂಡು ಹೋದನಂತೆ. ಕಥೆ ಯಾರದು ಅಂತ ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತಾಗುತ್ತಿದೆ. ಗಂಡ ತಲೆ ತಗ್ಗಿಸುತ್ತಾನೆ. ಹೆಂಡತಿಗೆ ಎಲ್ಲಿ ನೋಡಬೇಕು ಅಂತ ತಿಳಿಯುವುದಿಲ್ಲ. ಮಾರ್ವಿನ್ ದನಿ ಏರಿಸುವುದೇ ಇಲ್ಲ, ಮನೆಗೆ ಬಂದ ನೆಂಟ ಹರಟೆ ಹೊಡೆದ ಹಾಗೆ. ಕೊನೆಗೆ ಸ್ಕಾಟ್ ಹೊರಗೆ ಹೋಗು ಅನ್ನುತ್ತಾನೆ. ಬಂದೂಕು ಹೊರಬರುವುದಿಲ್ಲ. ಒಂದು ಗಾಡಿ, ನಾಲ್ಕು ಲೋಟ, ಮಳೆಯ ಸದ್ದು. ನಾನು ನೋಡಿದ ಕೌಬಾಯ್ ಚಿತ್ರಗಳಲ್ಲಿ ಇದಕ್ಕಿಂತ ಕ್ರೂರವಾದ ದೃಶ್ಯ ಇನ್ನೊಂದಿಲ್ಲ.

ಆಮೇಲೆ ಸ್ಕಾಟ್ ಗಾಡಿಯ ಕೆಳಗೆ ಮಲಗುತ್ತಾನೆ. ಮೇಲೆ, ಹಲಗೆಯ ಆಚೆ, ಆ ಹೆಂಗಸು ಮಲಗಿದ್ದಾಳೆ. ಇಬ್ಬರ ನಡುವೆ ಒಂದು ಗೇಣು. ನಾಲ್ಕು ಮಾತು, ಅಷ್ಟೇ. ಮುಟ್ಟುವುದಿಲ್ಲ, ನೋಡುವುದೂ ಇಲ್ಲ. ಫ್ರೆಂಚ್ ವಿಮರ್ಶಕ ಆಂದ್ರೆ ಬಜಾನ್ 1957ರಲ್ಲಿ ಈ ಚಿತ್ರವನ್ನು ಹೊಗಳಿ ಬರೆದರು. ಆಮೇಲೆ ಚಿತ್ರ ದಶಕಗಳ ಕಾಲ ಎಲ್ಲೂ ಸಿಗದಂತಾಗಿ, 2000ದಲ್ಲಿ ರಿಪೇರಿಯಾಗಿ ಮತ್ತೆ ಹೊರಬಂತು.

ಇವರ ಖಳರನ್ನು ಗಮನಿಸಿ. ‘ಟಾಲ್ ಟಿ’ಯ ಬೂನ್‌ಗೆ ಜೊತೆಗಾರರ ಮೇಲೆ ಅಸಹ್ಯ. ಮಾತಾಡಲು ಒಬ್ಬ ಮನುಷ್ಯ ಸಿಕ್ಕ ಅಂತಲೇ ಸ್ಕಾಟ್‌ನನ್ನು ಕೊಲ್ಲದೆ ಉಳಿಸಿಕೊಂಡಿದ್ದಾನೆ. ತನಗೂ ಒಂದಷ್ಟು ಜಮೀನು, ನಾಲ್ಕು ದನ ಇರಬೇಕು ಅಂತ ಆಸೆ. ಆ ಆಸೆಗೆ ದಾರಿ ದರೋಡೆ ಅಂತ ತಿಳಿದಿದ್ದಾನೆ. ಅದೇ ಜಮೀನನ್ನು ದುಡಿದು ಮಾಡಿಕೊಂಡವನು ಎದುರಿಗೆ ಕೂತಿದ್ದಾನೆ. ಹೊಟ್ಟೆಕಿಚ್ಚೂ ಸ್ನೇಹವೂ ಬೆರೆತ ಆ ನೋಟ ನೋಡಬೇಕು ನೀವು. ಆ ತಲೆ ಬಡಿದಾಗ ಬಂದ ನಗು ಹುಟ್ಟಿದ್ದು ಇಲ್ಲಿಂದ.

ಹೊಗಳಿದ್ದು ಸಾಕು. ‘ಟಾಲ್ ಟಿ’ ಬಿಟ್ಟರೆ ಉಳಿದ ಮೂರರಲ್ಲೂ ಅಮೆರಿಕದ ಮೂಲನಿವಾಸಿಗಳು ಆಲಿಕಲ್ಲು ಮಳೆಯ ಹಾಗೆ ಬರುತ್ತಾರೆ. ಬಾಣ ಬಿಡುತ್ತಾರೆ, ಸಾಯುತ್ತಾರೆ ಅಥವಾ ಮಾಯವಾಗುತ್ತಾರೆ. ಖಳನಿಗೆ ಸಿಕ್ಕ ಮನುಷ್ಯತ್ವದ ಕಾಲುಭಾಗವೂ ಅವರಿಗೆ ಸಿಕ್ಕಿಲ್ಲ. ನೆಲ ಅವರದು ಅನ್ನುವ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಹೆಂಗಸರ ಕಥೆಯೂ ಅಷ್ಟೇ. ನಾಯಕ ಏನೋ ಮಾಡಲು ಹೆಣ್ಣು ನೆಪವಾದರೆ ಸಾಕು, ಅವಳಿಗೆ ಅವಳದೇ ಆದ ಮಹತ್ವ ಇಲ್ಲ ಅನ್ನುವ ಅರ್ಥದ ಮಾತನ್ನು ಸ್ವತಃ ಬೆಟಿಕರ್ ಆಡಿದ್ದಾರೆ. 1975ರಲ್ಲಿ ಸ್ತ್ರೀವಾದಿ ಚಿಂತಕಿ ಲಾರಾ ಮಲ್ವಿ ಅದನ್ನೇ ಎತ್ತಿ ತೋರಿಸಿ ಜಾಡಿಸಿದರು. ದುಡ್ಡಿಲ್ಲ ಅನ್ನುವುದು ಇದಕ್ಕೆಲ್ಲ ಸಬೂಬಾಗುವುದಿಲ್ಲ. ಒಳ್ಳೆಯ ಮಾತು ಬರೆಯಲು ದುಡ್ಡು ಬೇಕಿಲ್ಲ ಅಂತ ಕೆನಡಿಯೇ ತೋರಿಸಿದ್ದರಲ್ಲ.

1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ದೊಡ್ಡ ಸ್ಟುಡಿಯೋಗಳ ಥಿಯೇಟರ್ ಹಿಡಿತ ಮುರಿಯಿತು. ಹಿಂದೆಯೇ ಟಿವಿ ಬಂತು. ಹೋಪಲಾಂಗ್ ಕ್ಯಾಸಿಡಿ ಎಂಬ ಕೌಬಾಯ್ ಪಾತ್ರದಲ್ಲಿ 66 ಚಿತ್ರ ಮಾಡಿದ್ದ ವಿಲಿಯಂ ಬಾಯ್ಡ್ ಇದ್ದಬದ್ದದ್ದನ್ನೆಲ್ಲ ಸುರಿದು ಆ ಹಳೇ ಚಿತ್ರಗಳ ಹಕ್ಕು ಕೊಂಡುಕೊಂಡರು. ಹುಚ್ಚ ಅಂದವರೇ ಹೆಚ್ಚು. 1949ರಲ್ಲಿ ಅವು ಟಿವಿಯಲ್ಲಿ ಬಂದವು ನೋಡಿ, ಊಟದ ಡಬ್ಬಿಯ ಮೇಲೂ ಅವರದೇ ಚಿತ್ರ. ಮನೆಯಲ್ಲೇ ಪುಕ್ಕಟೆ ಸಿಗುವುದಕ್ಕೆ ಥಿಯೇಟರ್‌ಗೆ ಯಾರು ಹೋಗುತ್ತಾರೆ? 1954ರ ಹೊತ್ತಿಗೆ ಸರಣಿ ಕೌಬಾಯ್ ಚಿತ್ರಗಳು ನಿಂತೇ ಹೋದವು.

ಆದರೆ ಆ ಲೆಕ್ಕ ಬೇರೆಯವರ ಕೈಗೆ ಹೋಯಿತು. ಇಟಲಿಯ ಸರ್ಜಿಯೋ ಲಿಯೋನೆ 1964ರಲ್ಲಿ ‘ಎ ಫಿಸ್ಟ್‌ಫುಲ್ ಆಫ್ ಡಾಲರ್ಸ್’ ಮಾಡಿದಾಗ ನಾಯಕ ಕ್ಲಿಂಟ್ ಈಸ್ಟ್‌ವುಡ್‌ಗೆ ಕೊಟ್ಟದ್ದು 15 ಸಾವಿರ ಡಾಲರ್. ಟೆಕ್ನಿಸ್ಕೋಪ್ ಎಂಬ ಪದ್ಧತಿ ಬಳಸಿದರು. ಒಂದು ಫ್ರೇಮಿಗೆ ಫಿಲ್ಮ್ ಅಂಚಿನ ನಾಲ್ಕು ರಂಧ್ರದ ಬದಲು ಎರಡೇ ರಂಧ್ರದ ಫಿಲ್ಮ್ ಸಾಕು. ಅರ್ಧ ಕಚ್ಚಾ ಫಿಲ್ಮ್ ಉಳಿಯಿತು, ಪರದೆ ಮಾತ್ರ ಅಗಲ. ಇಂಥ ಜಿಪುಣತನಕ್ಕೆ ನಾನು ತಲೆಬಾಗುತ್ತೇನೆ. ಮುಂದಿನ ವರ್ಷ ಅಮೆರಿಕದ ನಿರ್ದೇಶಕ ಮಾಂಟಿ ಹೆಲ್ಮನ್ ಯೂಟಾದ ಮರುಭೂಮಿಯಲ್ಲಿ ಒಂದರ ಹಿಂದೆ ಒಂದರಂತೆ ಎರಡು ಚಿತ್ರ ತೆಗೆದರು, ತಲಾ 75 ಸಾವಿರ ಡಾಲರ್. ಎರಡರಲ್ಲೂ ಜ್ಯಾಕ್ ನಿಕಲ್ಸನ್ ಎಂಬ ಆಗಿನ್ನೂ ಹೆಸರು ಮಾಡದ ಹುಡುಗ. ಅವುಗಳಲ್ಲಿ ‘ದಿ ಶೂಟಿಂಗ್’ ಅಂತೂ ಎಲ್ಲಿಗೆ ಹೊರಟಿದ್ದಾರೆ, ಯಾಕೆ ಹೊರಟಿದ್ದಾರೆ ಅಂತ ಪೂರ್ತಿ ಹೇಳುವುದೇ ಇಲ್ಲ.

ಬೆಟಿಕರ್ ಕಥೆ ಹೀಗೆ ಮುಗಿಯಿತು. 1960ರಲ್ಲಿ ‘ಕಮಾಂಚಿ ಸ್ಟೇಷನ್’ ಮುಗಿಸಿ, ಗೂಳಿಕಾಳಗದ ಗೆಳೆಯ ಕಾರ್ಲೋಸ್ ಅರೂಸಾ ಬಗ್ಗೆ ಸಾಕ್ಷ್ಯಚಿತ್ರ ಮಾಡಲು ಮೆಕ್ಸಿಕೋಗೆ ಹೋದರು. ವರ್ಷಗಟ್ಟಲೆ ಅಲ್ಲೇ ಉಳಿದರು. ದುಡ್ಡು ಹೋಯಿತು, ಸಂಸಾರ ಹೋಯಿತು, ಜೈಲನ್ನೂ ನೋಡಿದರು. 1966ರಲ್ಲಿ ಅರೂಸಾ ಅಪಘಾತದಲ್ಲಿ ತೀರಿಕೊಂಡರು. ಹನ್ನೆರಡು ಹದಿನೆಂಟು ದಿನದಲ್ಲಿ ಚಿತ್ರ ಮುಗಿಸುತ್ತಿದ್ದ ಮನುಷ್ಯ ಈ ಒಂದಕ್ಕೆ ಅಷ್ಟೊಂದು ವರ್ಷ ಕೊಟ್ಟ.

ಮಾತು ಮುಗಿದ ಮೇಲೆ ಒಬ್ಬ ಹುಡುಗಿ ಕೇಳಿದ ಪ್ರಶ್ನೆಯನ್ನೂ ಇಲ್ಲಿ ಸೇರಿಸುತ್ತೇನೆ. “ಸರ್, ಯಾವುದರಿಂದ ಶುರು ಮಾಡಲಿ? ಎಲ್ಲ ನೋಡೋಕೆ ಟೈಮಿಲ್ಲ.”

‘ರೈಡ್ ಲೋನ್ಸಮ್’ ಅಂದೆ. 1959ರದು. ಜೇಮ್ಸ್ ಕೋಬರ್ನ್ ಅವರ ಮೊದಲ ಚಿತ್ರ. ಕೊನೆಯಲ್ಲಿ ಒಂದು ಒಣಮರ ಬರುತ್ತದೆ, ಬಯಲಿನ ನಡುವೆ ಒಂಟಿಯಾಗಿ. ಅದಕ್ಕೆ ಏನಾಗುತ್ತದೆ ಅಂತ ನಾನು ಹೇಳುವುದಿಲ್ಲ. ಕ್ಯಾಮರಾ ಮೇಲೇರುವಾಗ ಮಾತ್ರ ಫೋನ್ ನೋಡಬೇಡಮ್ಮ. ಚಿತ್ರ ಇರುವುದೇ 73 ನಿಮಿಷ. ರಾತ್ರಿ ಎಂಟಕ್ಕೆ ಹಾಕಿದರೆ ಒಂಬತ್ತೂಕಾಲಿಗೆ ಊಟಕ್ಕೆ ಏಳಬಹುದು.